ಆರು ಕಿಲೋ ದರ್ಬಾರು

ಇಂಗ್ಲೆಂಡಿನಲ್ಲಿ ಮನೆಯ ಮುಂಬಾಗಿಲಿಗೇ ಒಂದು ಸೀಳು ಕೊರೆದಿರುತ್ತಾರೆ. ಅಂಚೆಯವನು ಬಂದು, ಅದರ ಹಿತ್ತಾಳೆಯ ಮುಚ್ಚಳವನ್ನು ಬೆರಳಲ್ಲಿ ತಳ್ಳಿ, ಕಾಗದಗಳನ್ನು ಒಳಗೆ ಬೀಳಿಸಿ ಹೋಗುತ್ತಾನೆ. ಬೆಲ್ ಒತ್ತುವುದಿಲ್ಲ, "ಪೋಸ್ಟ್" ಎಂದು ಕೂಗುವುದೂ ಇಲ್ಲ. ಬ್ರಿಸ್ಟಲ್‌ನಲ್ಲಿರುವ ನನ್ನ ಮಗಳ ಮನೆಯಲ್ಲಿ ಆತ ಇನ್ನೂ ನಾಲ್ಕು ಮನೆ ಆಚೆ ಇರುವಾಗಲೇ ಸೋಫಾದ ಮೇಲೆ ಮಲಗಿರುವ ಚಕ್ಲಿಯ ಒಂದು ಕಿವಿ ಏಳುತ್ತದೆ. ಸೋಫಾದಿಂದ ಬಾಗಿಲಿಗೆ ಅವಳು ಹಾರುವ ದಾರಿಯಲ್ಲಿ ನನ್ನ ತೊಡೆ ಇದೆ. ಆ ಹೊತ್ತಿಗೆ ಸರಿಯಾಗಿ ನನ್ನ ಕೈಯಲ್ಲಿ ಕಾಫಿ ಲೋಟವೂ ಇರುತ್ತದೆ.

ನಾನು ಬನಿಯನ್ ಹಿಂಡಿಕೊಳ್ಳುವಷ್ಟರಲ್ಲಿ ಗ್ಯಾಸಿನ ಬಿಲ್ಲು, ಕೌನ್ಸಿಲ್ ತೆರಿಗೆಯ ನೋಟಿಸು, ಪೀಟ್ಸಾ ಅಂಗಡಿಯ ಜಾಹೀರಾತು ಎಲ್ಲಕ್ಕೂ ಸಮನಾಗಿ ತೂತು ಬಿದ್ದಿರುತ್ತದೆ. ಅಳಿಯ ಬಾಗಿಲ ಹಿಂದೆ ತಂತಿಯ ಬುಟ್ಟಿಯೊಂದನ್ನು ತಗುಲಿಸಿದ. ಕಾಗದಗಳು ಉಳಿದವು, ಕಾಫಿ ಉಳಿಯಲಿಲ್ಲ. ಅವಳ ಕಡೆಯಿಂದ ಯೋಚಿಸಿ ನೋಡಿದರೆ ತಪ್ಪೇನೂ ಇಲ್ಲ. ದಿನಾ ಒಬ್ಬ ಅಪರಿಚಿತ ಬಾಗಿಲು ಮುರಿಯಲು ಬರುತ್ತಾನೆ, ಅವಳು ಬೊಗಳುತ್ತಾಳೆ, ಅವನು ಓಡಿಹೋಗುತ್ತಾನೆ. ಒಂದು ದಿನವೂ ಸೋಲದ ಯುದ್ಧವನ್ನು ಯಾರು ತಾನೇ ಕೈಬಿಡುತ್ತಾರೆ?

ನಾವು ಬ್ರಿಸ್ಟಲ್‌ಗೆ ಹೋದದ್ದು ಬಾಣಂತನಕ್ಕೆ. ನಾವು ಎಂದರೆ ನನ್ನಾಕೆ. ನಾನು ಹೋದದ್ದು ಸೂಟ್‌ಕೇಸ್ ಎಳೆಯಲು. ಬಾಣಂತಿ ಮನೆಯಲ್ಲಿ ನಿವೃತ್ತ ಗಂಡಸಿಗೆ ಕೆಲಸ ಹುಡುಕುವುದು ಕಷ್ಟ. ಮಗು ಎತ್ತಿಕೊಂಡರೆ "ಕತ್ತು, ಕತ್ತು" ಎಂದು ಇಬ್ಬರು ಕೂಗುತ್ತಾರೆ. ಅಡುಗೆಮನೆಗೆ ಹೋದರೆ ಅಡ್ಡ ಬಂದೆ ಎನ್ನುತ್ತಾರೆ. ಬ್ಯಾಂಕಿನ ಶಾಖೆ ನಡೆಸಿದವನ ಅನುಭವಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ. ಕೊನೆಗೆ ಮಗಳೇ ಪರಿಹಾರ ಕಂಡುಹಿಡಿದಳು. "ಅಪ್ಪಾ, ನೀವು ಚಕ್ಲೀನ ನೋಡ್ಕೊಂಡ್ಬಿಡಿ ಸಾಕು."

ಚಕ್ಲಿ ಜ್ಯಾಕ್ ರಸೆಲ್ ಟೆರಿಯರ್. ಎತ್ತರ ನನ್ನ ಮೊಣಕಾಲಿಗಿಂತ ಕೆಳಗೆ. ಈ ತಳಿಗೆ 25ರಿಂದ 30 ಸೆಂಟಿಮೀಟರ್ ಎತ್ತರ, ಪ್ರತಿ ಐದು ಸೆಂಟಿಮೀಟರಿಗೆ ಒಂದು ಕಿಲೋ ತೂಕ ಎಂದು ಲೆಕ್ಕವಂತೆ. ಬ್ಯಾಂಕಿನವನಿಗೆ ಈ ಲೆಕ್ಕ ಹಿಡಿಸಿತು. ಮೈಯೆಲ್ಲ ಬಿಳಿ, ಕಿವಿಗಳ ಮೇಲೆ ಮತ್ತು ಒಂದು ಕಣ್ಣಿನ ಸುತ್ತ ಹದವಾಗಿ ಕರಿದ ಚಕ್ಕುಲಿಯ ಬಣ್ಣ. ಹೆಸರು ಬಂದದ್ದು ಅಲ್ಲಿಂದಲೇ. ಸಣ್ಣ ಕೂದಲಿನ ನಾಯಿ, ಉದುರುವುದಿಲ್ಲ ಎಂದು ಮಗಳು ಮೊದಲೇ ಭರವಸೆ ಕೊಟ್ಟಿದ್ದಳು. ನನ್ನ ಕಪ್ಪು ಸ್ವೆಟರು ಬೇರೆಯೇ ಸಾಕ್ಷಿ ಹೇಳಿತು. ಆ ಸಣ್ಣ ಬಿಳಿ ಕೂದಲುಗಳು ನೇರ ನಿಂತ ಸೂಜಿಗಳು. ಉಣ್ಣೆಯೊಳಕ್ಕೆ ನಾಟಿಕೊಂಡರೆ ಕೊಡವಿದರೂ ಹೋಗುವುದಿಲ್ಲ, ಒಂದೊಂದಾಗಿ ಕೀಳಬೇಕು.

ನಾಯಿ ಎಂದರೆ ನನಗೆ ಭಯ. ನಮ್ಮ ಕಾಲದ ಮೈಸೂರಿನ ಮಕ್ಕಳಿಗೆಲ್ಲ ಆ ಭಯವಿತ್ತು, ಅದಕ್ಕೆ ಕಾರಣ ನಾಯಿಯಲ್ಲ, ಇಂಜೆಕ್ಷನ್. ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು! ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಲಸಿಕೆ ಅದು. ನೀಲಗಿರಿಯ ಕೂನೂರಿನಲ್ಲಿ 1907ರಲ್ಲೇ ಅದಕ್ಕೊಂದು ಸಂಸ್ಥೆ ಶುರುವಾಗಿತ್ತು. "ಕೂನೂರಿಂದ ಔಷಧಿ ಬರಬೇಕು" ಎಂದು ದೊಡ್ಡವರು ತಗ್ಗಿದ ದನಿಯಲ್ಲಿ ಹೇಳಿದರೆ ಸಾಕು, ನಮ್ಮ ಹೊಟ್ಟೆ ತಾನಾಗಿಯೇ ಒಳಕ್ಕೆ ಹೋಗುತ್ತಿತ್ತು. ಇಂಗ್ಲೆಂಡಿನ ನಾಯಿಗಳಲ್ಲಿ ಹುಚ್ಚುನಾಯಿ ರೋಗವೇ ಇಲ್ಲ ಎಂದು ಅಳಿಯ ಎಷ್ಟು ಹೇಳಿದರೂ ನನ್ನ ಹೊಟ್ಟೆ ಕೆಲವು ದಿನ ಆ ಹಳೆಯ ಅಭ್ಯಾಸ ಬಿಡಲಿಲ್ಲ.

ಹಾಗೆ ನೋಡಿದರೆ ಭಯವಿಲ್ಲದೆ ನಾನು ಇಷ್ಟಪಟ್ಟ ನಾಯಿ ಒಂದೇ. ಅದು ನಮ್ಮ ಮಾವನ ಮನೆಯ ಗ್ರಾಮಫೋನ್ ತಟ್ಟೆಯ ನಡುವಿನ ಚೀಟಿಯ ಮೇಲೆ ಕುಳಿತು, ಕೊಳವೆಗೆ ಮುಖವಿಟ್ಟು, ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಯಾರು ಹಾಡಲಿ, ಏನು ಹಾಡಲಿ, ಅದರದು ಒಂದೇ ಏಕಾಗ್ರತೆ. ತಟ್ಟೆ ನಿಧಾನವಾಗಿ ನಿಲ್ಲುವಾಗ ನಾಯಿ ನೆಟ್ಟಗೆ ಬಂದು ನಿಲ್ಲುತ್ತದೋ ತಲೆಕೆಳಗಾಗಿ ನಿಲ್ಲುತ್ತದೋ ಎಂದು ನಾವು ಮಕ್ಕಳು ಪಂದ್ಯ ಕಟ್ಟುತ್ತಿದ್ದೆವು. ಕಲ್ಕತ್ತೆಯ ಡಮ್‌ಡಮ್‌ನಲ್ಲಿ ಅಚ್ಚಾಗಿ ಬರುತ್ತಿದ್ದ ಆ ತಟ್ಟೆಯ ನಾಯಿ ಹುಟ್ಟಿದ್ದು ಬ್ರಿಸ್ಟಲ್‌ನಲ್ಲಿ ಎಂದು ನನಗೆ ಗೊತ್ತಾದದ್ದು ಚಕ್ಲಿಯನ್ನು ಕರೆದುಕೊಂಡು ಪಾರ್ಕ್ ರೋ ಎಂಬ ಬೀದಿಯಲ್ಲಿ ಏದುಸಿರು ಬಿಡುತ್ತಿದ್ದಾಗ. ತಲೆ ಎತ್ತಿದರೆ ಒಂದು ಬಾಗಿಲಿನ ಮೇಲೆ, ಪಾರಿವಾಳಗಳ ಎತ್ತರದಲ್ಲಿ, ಅದೇ ನಾಯಿ ತಲೆ ವಾಲಿಸಿ ಕೂತಿದೆ!

ಹೆಸರು ನಿಪ್ಪರ್. 1884ರಲ್ಲಿ ಹುಟ್ಟಿದ್ದು, ಅಪ್ಪಟ ತಳಿಯಲ್ಲದಿದ್ದರೂ ಮೈಯಲ್ಲಿ ಟೆರಿಯರ್ ರಕ್ತ. ಯಜಮಾನ ಮಾರ್ಕ್ ಬರೋ ಆ ಬೀದಿಯ ನಾಟಕಶಾಲೆಯಲ್ಲಿ ಪರದೆಗಳ ಮೇಲೆ ಚಿತ್ರ ಬರೆಯುತ್ತಿದ್ದ. ಮನೆಗೆ ಬಂದವರ ಮೀನಖಂಡಕ್ಕೆ ಹಿಂದಿನಿಂದ ಬಾಯಿ ಹಾಕುತ್ತಿದ್ದರಿಂದ ನಾಯಿಗೆ ಆ ಹೆಸರು. ಮಾರ್ಕ್ 1887ರಲ್ಲಿ ತೀರಿಕೊಂಡ, ನಾಯಿ ತಮ್ಮನ ಪಾಲಿಗೆ ಬಂತು. ತಮ್ಮ ಫ್ರಾನ್ಸಿಸ್‌ನೂ ಚಿತ್ರಕಾರ. ಆತ ನಿಪ್ಪರ್‌ನನ್ನು ಚಿತ್ರಿಸಿದ್ದು ಅದು ಸತ್ತು ಮೂರು ವರ್ಷವಾದ ಮೇಲೆ. ಮೊದಲ ಚಿತ್ರದಲ್ಲಿ ಇದ್ದದ್ದು ಸಿಲಿಂಡರಿನ ಫೋನೋಗ್ರಾಫ್. ಗ್ರಾಮಫೋನ್ ಕಂಪನಿಯವರು ನಮ್ಮ ಯಂತ್ರ ಬರೆದುಕೊಟ್ಟರೆ ಕೊಳ್ಳುತ್ತೇವೆ ಎಂದರು. ಬರೆದುಕೊಟ್ಟ. ಚಿತ್ರಕ್ಕೆ 50 ಪೌಂಡು, ಹಕ್ಕಿಗೆ 50 ಪೌಂಡು. ಬಣ್ಣದ ಕೆಳಗೆ ಹಳೆಯ ಯಂತ್ರ ಈಗಲೂ ಹಾಗೇ ಇದೆ.

ಬಂದವರ ಕಾಲು ಕಚ್ಚುತ್ತಿದ್ದ ನಾಯಿಯೊಂದು ಯಜಮಾನನ ದನಿಗೆ ಕಿವಿಗೊಟ್ಟು ಕೂರುವ ವಿಧೇಯತೆಯ ಗುರುತಾಗಿ ನಮ್ಮೂರಿನವರೆಗೆ ಬಂತಲ್ಲ ಎಂದು ನನಗೆ ನಗು ಬಂತು. ಟೆರಿಯರ್ ಜೊತೆ ಒಂದು ವಾರ ಕಳೆದವರಿಗೆ ಗೊತ್ತು, ಯಜಮಾನನ ದನಿ ಅವಕ್ಕೆ ಚೆನ್ನಾಗಿಯೇ ಕೇಳಿಸುತ್ತದೆ. ಕೇಳಿಸಿಕೊಂಡು, ತೂಗಿ ನೋಡಿ, ಪಕ್ಕಕ್ಕಿಡುತ್ತವೆ.

ಕಾಲೇಜ್ ಗ್ರೀನ್ ಎಂಬ ಹುಲ್ಲುಗಾವಲಿನ ಹತ್ತಿರ ರಾಜಾರಾಮ ಮೋಹನರಾಯರ ಪ್ರತಿಮೆಯಿದೆ. ಅವರು 1833ರಲ್ಲಿ ತೀರಿಕೊಂಡದ್ದು ಈ ಊರಿನಲ್ಲೇ. ಭಾರತೀಯನಾಗಿ ಅಲ್ಲಿ ಒಂದು ನಿಮಿಷ ನಿಲ್ಲಬೇಕೆಂದು ನನ್ನ ಆಸೆ. ಮರದ ಬುಡದಲ್ಲಿ ಬೂದು ಅಳಿಲೊಂದು ಕಂಡಿತು ಎಂಬುದು ಚಕ್ಲಿಯ ನಿಲುವು. ಬೆಲ್ಟಿನ ಒಂದು ತುದಿಯಲ್ಲಿ ಎಪ್ಪತ್ತೆರಡು ಕಿಲೋ, ಇನ್ನೊಂದು ತುದಿಯಲ್ಲಿ ಆರು. ನಾನು ರಾಯರಿಗೆ ನಡೆದುಕೊಂಡೇ ಕೈಮುಗಿದೆ. "ನಿಲ್ಲು" ಎಂದು ಕನ್ನಡದಲ್ಲಿ ಹೇಳಿದೆ, ಇಂಗ್ಲಿಷಿನಲ್ಲಿ ಹೇಳಿದೆ, ಸಾಲ ಕಟ್ಟದವರಿಗೆ ಹೇಳುತ್ತಿದ್ದ ದನಿಯಲ್ಲೂ ಹೇಳಿದೆ.

ಹುಟ್ಟುಗುಣ ಎನ್ನುವುದಕ್ಕೂ ಕಾರಣವಿರುತ್ತದೆ. ಕುರಿ ಕಾಯುವ ನಾಯಿ ದಿನವಿಡೀ ಯಜಮಾನನ ಕೈಸನ್ನೆ ನೋಡುತ್ತ ಬೆಳೆದದ್ದು. ಟೆರಿಯರಿನ ಕೆಲಸ ನೆಲದಡಿಯಲ್ಲಿ. ಬೇಟೆನಾಯಿಗಳ ಹಿಂಡು ಅಟ್ಟಿದ ನರಿ ಬಿಲ ಸೇರಿಕೊಂಡರೆ, ಈ ಪುಟ್ಟದನ್ನು ಒಳಗೆ ಬಿಡುತ್ತಿದ್ದರು. ಕಗ್ಗತ್ತಲು, ಇಕ್ಕಟ್ಟು, ಎದುರಿಗೆ ಹಲ್ಲು ಕಿರಿದ ಪ್ರಾಣಿ. ಮೇಲೆ ಕುದುರೆ ಹತ್ತಿ ನಿಂತ ಯಜಮಾನನ ಸಲಹೆ ಅಲ್ಲಿಗೆ ಮುಟ್ಟುವುದಿಲ್ಲ. ಮುಂದೆ ಹೋಗಬೇಕೆ, ನಿಲ್ಲಬೇಕೆ, ಬೊಗಳಬೇಕೆ, ಎಲ್ಲವನ್ನೂ ಅದೇ ತೀರ್ಮಾನಿಸಬೇಕು. ನರಿಯನ್ನು ಕೊಲ್ಲಬಾರದು, ಬೊಗಳಿ ಬೊಗಳಿ ಬೇಸರ ಹತ್ತಿಸಿ ಹೊರಗೆ ಅಟ್ಟಬೇಕು. ಇಂಥ ಕೆಲಸಕ್ಕೆಂದು ತಲೆಮಾರುಗಳಿಂದ ಆರಿಸಿ ಬೆಳೆಸಿದ ಪ್ರಾಣಿ ಸೋಫಾದಿಂದ ಇಳಿಯಲು ನನ್ನ ಅಪ್ಪಣೆ ಕೇಳಲಿ ಎಂದು ಬಯಸುವುದು ಅತಿಯಾಯಿತು.

ಹಾಗೆ ಬೆಳೆಸಿದವನು ಒಬ್ಬ ಪಾದ್ರಿ. ಭಾನುವಾರವೊಂದರಲ್ಲಿ ಅಳಿಯ ನಮ್ಮನ್ನು ಕಾರಿನಲ್ಲಿ ಡೆವನ್ ಸೀಮೆಯ ಸ್ವಿಂಬ್ರಿಜ್ ಎಂಬ ಹಳ್ಳಿಗೆ ಕರೆದುಕೊಂಡು ಹೋದ. 1795ರಲ್ಲಿ ಹುಟ್ಟಿದ ಜಾನ್ ರಸೆಲ್ ಬಾಳಿನ ಬಹುಪಾಲು ಅಲ್ಲಿನ ಇಗರ್ಜಿಯಲ್ಲಿ ಉಪದೇಶ ಮಾಡಿದ. ಉಳಿದ ಹೊತ್ತು ಕುದುರೆಯ ಮೇಲಿದ್ದ. ಅದರಿಂದಾಗಿ ಬಿಷಪ್ಪರ ಜೊತೆ ಆಗಾಗ ಕಿರಿಕಿರಿ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1819ರಲ್ಲಿ, ದಾರಿಯಲ್ಲಿ ಸಿಕ್ಕ ಹಾಲಿನವನ ಹತ್ತಿರ ಒಂದು ಬಿಳಿ ಹೆಣ್ಣುನಾಯಿ ಕಂಡು, ಅಲ್ಲೇ ವ್ಯಾಪಾರ ಮುಗಿಸಿ ಮನೆಗೆ ತಂದನಂತೆ. ಅದರ ಹೆಸರು ಟ್ರಂಪ್. ಎರಡೂ ಕಣ್ಣು, ಕಿವಿಗಳ ಮೇಲೆ ಕಂದು ಮಚ್ಚೆ, ಬಾಲದ ಬುಡದಲ್ಲಿ ಒಂದು ಪೆನ್ನಿ ನಾಣ್ಯದಷ್ಟು ಚುಕ್ಕೆ. ಚಕ್ಲಿಯ ವಂಶಾವಳಿ ಶುರುವಾಗುವುದು ಆ ಹಾಲಿನವನಿಂದ. ಬಿಳಿಯೇ ಯಾಕೆ ಎಂದರೆ, ಕೆಂಚು ಮೈಯ ನರಿ ಯಾವುದು, ನಮ್ಮ ನಾಯಿ ಯಾವುದು ಎಂದು ಹಿಂಡಿಗೆ ಗೊಂದಲವಾಗಬಾರದು.

ಇಗರ್ಜಿಯ ಅಂಗಳದಲ್ಲಿ ಪಾದ್ರಿಯ ಸಮಾಧಿ, ಎದುರಿನಲ್ಲಿ ಅವನ ಹೆಸರಿನದೇ ಪಬ್ಬು. ದೇವರು, ನಾಯಿ, ಬಿಯರು ಮೂರಕ್ಕೂ ನಡೆದು ಹೋಗುವಷ್ಟೇ ದೂರ. ಪಬ್ಬಿನಲ್ಲಿ ಪಕ್ಕದ ಮೇಜಿನ ಮುದುಕರೊಬ್ಬರು ಚಕ್ಲಿಯನ್ನು ನೋಡಿದ್ದೇ ಎದ್ದು ಬಂದು, ಕೇಳಿ ಒಪ್ಪಿಗೆ ಪಡೆದು, ಅವಳ ಮುಂಗಾಲುಗಳ ಹಿಂದೆ ಎದೆಯ ಸುತ್ತ ಎರಡೂ ಕೈ ಹಾಕಿದರು. ಹೆಬ್ಬೆರಳುಗಳು ಬೆನ್ನ ಮೇಲೆ ಕೂಡಿದವು, ಮಿಕ್ಕ ಬೆರಳುಗಳ ತುದಿ ಎದೆಯ ಕೆಳಗೆ ಕೂಡಿದವು. ಮುದುಕರ ಮುಖ ಅರಳಿತು. ಈ ತಳಿಯ ಎದೆ ಎರಡು ಅಂಗೈಯೊಳಗೆ ಹಿಡಿಯಬೇಕು, 40ರಿಂದ 43 ಸೆಂಟಿಮೀಟರ್ ಸುತ್ತಳತೆ ಮೀರಿದರೆ ನರಿಯ ಬಿಲದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ನಾಯಿಹಿಂಡು ಬಿಟ್ಟು ನರಿಬೇಟೆ ಆಡುವುದನ್ನು ನಿಷೇಧಿಸಿದ ಕಾನೂನು ಬಂದದ್ದು 2004ರಲ್ಲಿ. ಕೆಲಸ ಹೋಗಿ ಇಷ್ಟು ವರ್ಷವಾದರೂ ಅಳತೆ ಮಾತ್ರ ಜಾರಿಯಲ್ಲಿದೆ. ನಿವೃತ್ತನಾದ ಮೇಲೂ ನಾನು ಬೆಳಿಗ್ಗೆ ಶೇವ್ ಮಾಡಿಕೊಂಡು ಇನ್‌ಶರ್ಟ್ ಮಾಡುತ್ತೇನಲ್ಲ.

ಅಳತೆಯಂತೆ ಊಟಕ್ಕೂ ನಿಯಮ. ಮಗಳು ಫ್ರಿಜ್ಜಿನ ಮೇಲೆ ಒಂದು ಪಟ್ಟಿ ಅಂಟಿಸಿದ್ದಳು. ನಾಯಿಗೆ ಕೊಡಬಾರದ್ದು: ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ. ನನ್ನಾಕೆ ಅದನ್ನು ಓದಿ ದಂಗಾದಳು. ಬಾಣಂತಿಗೆಂದು ಅವಳು ಮೈಸೂರಿನಿಂದ ಹೊತ್ತು ತಂದದ್ದೆಲ್ಲ ಅದೇ. ಅಂಟಿನ ಉಂಡೆಯಲ್ಲಿ ಒಣದ್ರಾಕ್ಷಿ, ಸಾರಿನಲ್ಲಿ ಬೆಳ್ಳುಳ್ಳಿ. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಹುದಂತೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಕಾರಣವಿರಬೇಕು ಎಂದು ಪಶುವೈದ್ಯರು ಈಚೆಗೆ ಅನುಮಾನಿಸಿದ್ದಾರೆ. ಅದೇ ಆಮ್ಲ ಹುಣಿಸೆಹಣ್ಣಿನಲ್ಲೂ ತುಂಬಿದೆ ಎಂದು ಮಗಳು ಹೇಳಿದಾಗ ಅಡುಗೆಮನೆಯಲ್ಲಿ ಮೌನ. ಹುಣಿಸೆಹಣ್ಣಿಲ್ಲದ ಮೈಸೂರಿನ ಅಡುಗೆ ಎಂದರೆ ಏನು ಉಳಿಯಿತು? ಅನ್ನ, ಮೊಸರು. "ಅಯ್ಯೋ, ನಾನು ಏನೂ ಕೊಡಲ್ಲಪ್ಪ" ಎಂದಳು ನನ್ನಾಕೆ. ಮಾರನೆಯ ದಿನದಿಂದ ಅವಳು ತರಕಾರಿ ಹೆಚ್ಚುವ ಹೊತ್ತಿಗೆ ಚಕ್ಲಿ ಹೊಸ್ತಿಲ ಆಚೆ ಮೂಗು ಇಟ್ಟು ಮಲಗುವುದು, ಒಂದು ತುಂಡು ಕ್ಯಾರೆಟ್ ತಾನಾಗಿಯೇ ಉರುಳಿ ಹೊಸ್ತಿಲು ದಾಟುವುದು ರೂಢಿಯಾಯಿತು. ಅದು ಹೇಗೆ ಉರುಳುತ್ತದೆ ಎಂದು ನಾನು ವಿಚಾರಿಸಲಿಲ್ಲ.

ನನ್ನ ಪಾಲಿಗೆ ಬಂದದ್ದು ಹಲ್ಲು. ಸಣ್ಣ ತಳಿಗಳಿಗೆ ಬಾಯಿ ಚಿಕ್ಕದು, ಹಲ್ಲು ಒತ್ತೊತ್ತು. ಪಾಚಿ ಕಟ್ಟಿ ವಸಡು ಬೇಗ ಹಾಳಾಗುತ್ತದೆ. ದಿನಾ ರಾತ್ರಿ ಉಜ್ಜಬೇಕು. ಮನುಷ್ಯರ ಪೇಸ್ಟು ಆಗದು. ನಾಯಿಗೆಂದೇ ಒಂದು ಪೇಸ್ಟು, ಅದಕ್ಕೆ ಕೋಳಿಯ ರುಚಿ. ಮೊಟ್ಟೆ ಹಾಕಿದ ಕೇಕನ್ನು ಕೂಡ ವಿಚಾರಿಸಿ ತಿನ್ನುವ ಮನೆತನದವನು ನಾನು, ತೋರುಬೆರಳಿಗೆ ರಬ್ಬರಿನ ಬ್ರಶ್ಶು ತೊಟ್ಟು, ಅದರ ಮೇಲೆ ಕೋಳಿಯ ಪೇಸ್ಟು ಹಿಂಡಿಕೊಂಡು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕಾಯಿತು. ತುಟಿ ಮೇಲೆತ್ತಿದರೆ ಒಳಗಿನ ವ್ಯವಸ್ಥೆ ಕಾಣುತ್ತದೆ. ಆ ಪುಟ್ಟ ಮುಖಕ್ಕೆ ಹೊಂದದ ದೊಡ್ಡ ಕೋರೆಹಲ್ಲುಗಳು, ಅದರ ಹಿಂದೆ ಗರಗಸದ ಅಂಚಿನ ದವಡೆಹಲ್ಲು. ಬೂದು ಬಣ್ಣದ ಪಾಚಿ ಕೂರುವುದು ಆ ದವಡೆಹಲ್ಲಿನ ಹೊರಮೈ ಮೇಲೆ. ಹೊಕ್ಕುಳ, ಹದಿನಾಲ್ಕು, ಕೂನೂರು ಎಲ್ಲ ಒಮ್ಮೆ ನೆನಪಿಗೆ ಬಂತು. ಚಕ್ಲಿ ಕಣ್ಣು ಅರೆಮುಚ್ಚಿ ಪೇಸ್ಟನ್ನು ನೆಕ್ಕುತ್ತಿದ್ದಳು. ಆಮೇಲೆ ನಾನು ಕೈ ತೊಳೆದುಕೊಂಡಷ್ಟು ಹೊತ್ತು ಯಾವ ವೈದ್ಯನೂ ತೊಳೆದುಕೊಂಡಿರಲಾರ.

ಒಂದು ದಿನ ಅವಳು ಓಡುತ್ತ ಓಡುತ್ತ ಎಡ ಹಿಂಗಾಲನ್ನು ಮೇಲೆತ್ತಿ ಮೂರು ಕಾಲಿನಲ್ಲಿ ನಾಲ್ಕು ಹೆಜ್ಜೆ ಕುಪ್ಪಳಿಸಿ, ಏನೂ ಆಗಿಲ್ಲವೆಂಬಂತೆ ಮತ್ತೆ ಓಡಿದಳು. ಆಟ ಎಂದುಕೊಂಡೆ. ಪಶುವೈದ್ಯೆ ಕಾಲನ್ನು ನೀಡಿ, ಮಡಿಸಿ, ಮಂಡಿಚಿಪ್ಪನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದರು. ಜಾರಿತು. ಬಿಟ್ಟರು, ತಾನೇ ಒಳಗೆ ಬಂತು. ಚಿಪ್ಪು ಕೂರುವ ಕಾಲುವೆ ಆಳವಿಲ್ಲದಿದ್ದರೆ ಸಣ್ಣ ನಾಯಿಗಳಲ್ಲಿ ಹೀಗಾಗುತ್ತದೆ, ಮೊದಲ ಹಂತ, ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡ, ತೂಕ ಇಳಿಸಿ, ಎತ್ತರದಿಂದ ಹಾರಲು ಬಿಡಬೇಡಿ ಎಂದರು. ಈ ಮಾತುಗಳು ನನಗೆ ಪರಿಚಿತ. ನನ್ನ ಬಲ ಮಂಡಿಗೆ ಮೈಸೂರಿನ ಡಾಕ್ಟರು ಅದನ್ನೇ ಹೇಳಿದ್ದರು, ಹಾರುವ ಮಾತೊಂದನ್ನು ಬಿಟ್ಟು. ಅಂದಿನಿಂದ ಕ್ಯಾರೆಟ್ಟಿನ ಜೊತೆ ಉರುಳುತ್ತಿದ್ದ ಚೀಸಿನ ತುಂಡು ನಿಂತಿತು. ನನ್ನ ಸಂಜೆಯ ಕೋಡುಬಳೆಯೂ ನಿಂತಿತು. ಎರಡಕ್ಕೂ ಒಂದೇ ಆದೇಶ.

ಬಿಳಿ ಬಣ್ಣಕ್ಕೆ ಮನುಷ್ಯ ಆಸೆಪಟ್ಟದ್ದಕ್ಕೂ ಒಂದು ಬೆಲೆ ಇದೆ. ಮೈಗೆ ಬಣ್ಣ ಕೊಡುವ ಜೀವಕಣಗಳು ಒಳಕಿವಿಗೂ ಬೇಕು. ಅವು ಅಲ್ಲಿಗೆ ತಲುಪದಿದ್ದರೆ ಮರಿ ಹುಟ್ಟಿ ಕೆಲವು ವಾರಗಳಲ್ಲೇ ಆ ಕಿವಿ ಕೇಳದಂತಾಗುತ್ತದೆ. ಟೆರಿಯರುಗಳಿಗೆ ಕಣ್ಣಿನದೂ ಒಂದು ಕುಲರೋಗ: ನಡುವಯಸ್ಸಿನ ಹೊತ್ತಿಗೆ ಮಸೂರವನ್ನು ಹಿಡಿದ ಎಳೆಗಳು ಹರಿದು ಅದು ಜಾರಿ, ಕಣ್ಣು ಕೆಂಪಾಗಿ ನೋವಿನಿಂದ ಉಬ್ಬುತ್ತದೆ, ತಡಮಾಡಿದರೆ ದೃಷ್ಟಿ ಹೋಗುತ್ತದೆ. ಕೆನ್ನೆಯ ಒಳಗಿಂದ ಹತ್ತಿಯಲ್ಲಿ ಒರೆಸಿ ಕಳಿಸಿದರೆ ಆ ಜೀನು ಇದೆಯೋ ಇಲ್ಲವೋ ತಿಳಿಯುತ್ತದೆ. ಮಗಳು ಚಕ್ಲಿಯನ್ನು ತರುವ ಮೊದಲೇ ತಂದೆ ತಾಯಿ ಇಬ್ಬರದೂ ವರದಿ ತರಿಸಿ ನೋಡಿದ್ದಳು. ಅವಳ ಮದುವೆಗೆ ನಾವು ಜಾತಕ ಬಿಟ್ಟು ಬೇರೇನೂ ಕೇಳಿರಲಿಲ್ಲ.

ಇಷ್ಟೆಲ್ಲ ಇದ್ದೂ ಈ ತಳಿ ಗಟ್ಟಿಪಿಂಡ. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನವರು 2022ರಲ್ಲಿ ಪ್ರಕಟಿಸಿದ ಆಯುಷ್ಯದ ಪಟ್ಟಿಯಲ್ಲಿ ಜ್ಯಾಕ್ ರಸೆಲ್‌ಗೇ ಮೊದಲ ಸ್ಥಾನ, ಹುಟ್ಟಿದಾಗಿನ ನಿರೀಕ್ಷೆ 12.72 ವರ್ಷ, ಮೂಗು ಚಪ್ಪಟೆ ಮಾಡಿದ ಫ್ರೆಂಚ್ ಬುಲ್‌ಡಾಗಿಗೆ 4.53. ಬೋಥಿ ಎಂಬ ಜ್ಯಾಕ್ ರಸೆಲ್ ಅಂತೂ ತನ್ನ ಯಜಮಾನ ರಾನುಲ್ಫ್ ಫೈನ್ಸ್ ತಂಡದ ಜೊತೆ, 1979ರಿಂದ 82ರ ನಡುವಿನ ಭೂಪ್ರದಕ್ಷಿಣೆಯಲ್ಲಿ, ಉತ್ತರ ದಕ್ಷಿಣ ಎರಡೂ ಧ್ರುವ ಮುಟ್ಟಿ ಬಂತು. 1994ರಿಂದ ಅಂಟಾರ್ಕ್ಟಿಕಾಕ್ಕೆ ನಾಯಿಗಳ ಪ್ರವೇಶವೇ ಇಲ್ಲದ್ದರಿಂದ ಆ ದಾಖಲೆ ಭದ್ರ. ಬ್ರಿಸ್ಟಲ್‌ನಲ್ಲಿ ತುಂತುರು ಬಿದ್ದ ಬೆಳಿಗ್ಗೆಗಳಲ್ಲಿ ಚಕ್ಲಿಗೆ ನಾನು ಈ ಬೋಥಿಯ ಕಥೆ ಹೇಳುತ್ತಿದ್ದೆ. ಬಾಗಿಲು ತೆರೆದರೆ ಒಂದು ಪಾದ ಹೊರಗಿಟ್ಟು, ಒದ್ದೆ ಎಂದು ಖಾತ್ರಿ ಮಾಡಿಕೊಂಡು, ನಾನೇ ಹೋಗಿ ಬರಬಹುದು ಎನ್ನುವ ಹಾಗೆ ನೋಡಿ ಒಳಗೆ ಹೋಗುತ್ತಿದ್ದಳು.

ಆದರೆ ನರಿಯ ವಾಸನೆ ಬಂದರೆ ಮಳೆ ಲೆಕ್ಕಕ್ಕಿಲ್ಲ. ಬ್ರಿಸ್ಟಲ್ ಊರೊಳಗಿನ ನರಿಗಳಿಗೆ ಹೆಸರಾದ ಊರು. 1994ರಲ್ಲಿ ಕಜ್ಜಿರೋಗ ಬಂದು ಬಹುಪಾಲು ಸತ್ತರೂ ಮತ್ತೆ ಹೆಚ್ಚಿಕೊಂಡಿವೆ. ಆ ಕಜ್ಜಿ ನಾಯಿಗೂ ಅಂಟುತ್ತದೆ, ಅದಕ್ಕೆ ಕತ್ತಿಗೆ ತಿಂಗಳ ಔಷಧಿ ಹಚ್ಚುತ್ತಾರೆ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಚಕ್ಲಿ ಒಂದು ಕಡೆ ನಿಂತು, ಭುಜ ಬಗ್ಗಿಸಿ, ಪರಮ ಭಕ್ತಿಯಿಂದ ಉರುಳುಸೇವೆ ಮಾಡಿದಳು. ಎದ್ದಾಗ ಕತ್ತಿನ ಒಂದು ಪಕ್ಕವೆಲ್ಲ ಕಪ್ಪು. ನರಿಯ ಹೇಲು. ಆ ವಾಸನೆಯನ್ನು ವರ್ಣಿಸುವುದಿಲ್ಲ. ಓದುವವರು ತಿಂಡಿ ತಿನ್ನುತ್ತಿರಬಹುದು. ಪಕ್ಕದ ಮನೆಯ ಮುದುಕಿ ಬೇಲಿಯ ಮೇಲಿಂದ ಇಣುಕಿ, ಟೊಮೆಟೊ ಕೆಚಪ್ ಹಚ್ಚಿ ತೊಳೆಯಿರಿ, ಅದೊಂದೇ ಮದ್ದು ಎಂದರು. ನನ್ನಾಕೆ ಒಪ್ಪಲಿಲ್ಲ, ಕಡಲೆಹಿಟ್ಟು ತಂದಳು. ಇಬ್ಬರ ಮಾತೂ ನಡೆಯಲೆಂದು ನಾನು ಮೊದಲು ಕೆಚಪ್, ಮೇಲೆ ಕಡಲೆಹಿಟ್ಟು ಹಚ್ಚಿದೆ. ಬಜ್ಜಿ ಕರಿಯಲು ತಯಾರಾದ ಸ್ಥಿತಿಯಲ್ಲಿ ಚಕ್ಲಿ ನನ್ನ ಕೈಯಿಂದ ಜಾರಿ, ಮನೆಯೊಳಗೆ ಎರಡು ಸುತ್ತು ಓಡಿ, ಸೋಫಾ ಹತ್ತಿದಳು.

ಹೊರಡುವ ವಾರ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದ ನನ್ನಾಕೆ ಇದ್ದಕ್ಕಿದ್ದಂತೆ, "ಇದನ್ನ ನಮ್ಮೂರಿಗೆ ಕರ್ಕೊಂಡ್ ಹೋಗಕ್ಕಾಗಲ್ವಾ?" ಎಂದಳು. ನನಗೆ ಕುವೆಂಪುನಗರದ ನಮ್ಮ ಮನೆಯ ಸಂಪಿನ ಪಕ್ಕದ ಬಿಲ ಕಣ್ಣ ಮುಂದೆ ಬಂತು. ಅಲ್ಲಿರುವ ಹೆಗ್ಗಣ ಬೋನಿಗೆ ಬಿದ್ದಿಲ್ಲ, ಪಾಷಾಣಕ್ಕೆ ಬಾಯಿ ಹಾಕಿಲ್ಲ, ಪಕ್ಕದ ಮನೆಯ ಬೆಕ್ಕು ಅದನ್ನು ಕಂಡರೆ ದಾರಿ ಬಿಡುತ್ತದೆ.

"ಹೆಗ್ಗಣಕ್ಕೆ ಇವಳೇ ಸರಿ" ಎಂದೆ. "ಒಂದೇ ದಿನದಲ್ಲಿ ಸಂಪಿನ ಸುತ್ತ ಅಗೆದು ಹಾಕ್ತಾಳೆ."

"ಸಂಪಿನ ಸುತ್ತ ನನ್ನ ದುಂಡುಮಲ್ಲಿಗೆ ಇದೆ" ಎಂದಳು. "ಅಲ್ಲದೆ ಹೆಗ್ಗಣದಿಂದ ಇಲಿಜ್ವರ ಬರತ್ತಂತೆ, ಮೊನ್ನೆ ಡಾಕ್ಟ್ರು ಹೇಳ್ಲಿಲ್ವಾ?"

"ಅದಕ್ಕೇ ವರ್ಷಾವರ್ಷ ಲಸಿಕೆ ಹಾಕಿಸಿದೀವಲ್ಲ."

"ಅವಳಿಗೆ ಹಾಕಿಸಿದೀವಿ" ಎಂದಳು ನನ್ನಾಕೆ, ಸೂಟ್‌ಕೇಸಿನ ಜಿಪ್ಪು ಎಳೆಯುತ್ತ. "ಮಣ್ಣಿನಲ್ಲಿ ಅವಳ ಹಿಂದೆ ಕೂತ್ಕೊಳ್ಳೋರು ನೀವಲ್ವಾ?"